ಇಲ್ಲದವರು, ಒಲ್ಲದವರು

(ಮಲೆನಾಡಿನ ಹಳ್ಳಿಗರು ಮತ್ತು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ದೇವನಹಳ್ಳಿ ಸೀಮೆಯ ಗೆಳೆಯರೊಬ್ಬರು ಆಡಿದ ಮಾತುಗಳ ಬರಹರೂಪ)



ಬಯಲುಸೀಮೆಯವನೊಬ್ಬನನ್ನು ಇಷ್ಟು ದೂರ ಕರೆಸಿ, ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನನ್ನೇ ಕಾಣದ ನಿಮ್ಮ ಎದುರು ನಿಲ್ಲಿಸಿ, ಮಿತವಾಗಿ ಬಾಳುವುದರ ಕುರಿತು ಮಾತನಾಡಿ ಎಂದರೆ ಅದರಲ್ಲಿ ತುಸು ತಮಾಷೆ ಇದೆ. ನಮ್ಮ ಕಡೆ ಮಳೆಯೇ ಮಿತವ್ಯಯ ಮಾಡುತ್ತದೆ. ಬೇರೆ ಗುರುಗಳು ನಮಗೆ ಬೇಕಾಗಿರಲಿಲ್ಲ. ಆದರೂ ಒಪ್ಪಿಕೊಂಡು ಬಂದುದಕ್ಕೆ ಕಾರಣವಿದೆ. ಕಳೆದ ಎರಡು ದಶಕಗಳಲ್ಲಿ ನಮ್ಮ ದೇವನಹಳ್ಳಿ ಸೀಮೆಗೆ ಒಮ್ಮೆಲೇ ಹಣ ಬಂದಿತು. ತಲೆತಲಾಂತರದಿಂದ ಹಣವನ್ನು ಸಂತೆಯ ದಿನ ಮಾತ್ರ ಕಂಡಿದ್ದ ಊರುಗಳಿಗೆ ಬಂದಿತು. ಆ ಹಣದಿಂದ ಜನ ಏನೇನು ಕೊಂಡರು ಎಂಬುದನ್ನು ಪತ್ರಿಕೆಗಳು ಬೇಕಾದಷ್ಟು ಬರೆದಿವೆ. ಕೈಯಲ್ಲಿ ಹಣವಿದ್ದೂ ಏನನ್ನು ಕೊಳ್ಳಲಿಲ್ಲ ಎಂಬುದನ್ನು ಯಾರೂ ಬರೆಯಲಿಲ್ಲ. ಕೊಳ್ಳದಿರುವುದು ಸುದ್ದಿಯಾಗುವುದಿಲ್ಲ, ಅದಕ್ಕೆ ರಶೀದಿಯೂ ಇರುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಎರಡು ಪುಟ್ಟ ಮಾತುಗಳಿವೆ. ಒಂದು ‘ಇಲ್ಲ’, ಇನ್ನೊಂದು ‘ಒಲ್ಲೆ’. ‘ನಮ್ಮ ಮನೆಯಲ್ಲಿ ಇಲ್ಲ’ ಎನ್ನುವವನು ತನ್ನ ಸ್ಥಿತಿಯನ್ನು ಹೇಳುತ್ತಾನೆ. ‘ನಾನು ಒಲ್ಲೆ’ ಎನ್ನುವವನು ತನ್ನ ಮನಸ್ಸನ್ನು ಹೇಳುತ್ತಾನೆ. ಒಲವು, ಒಲಿ ಎಂಬ ಮಾತುಗಳ ಬೇರಿನಿಂದಲೇ ಹುಟ್ಟಿದ ಮಾತು ಅದು. ಒಲವು ಇಲ್ಲದ ಕಡೆ ಒಲ್ಲೆ. ಹೊರಗಿನಿಂದ ನೋಡುವವನಿಗೆ ಎರಡೂ ಮನೆಗಳು ಒಂದೇ ರೀತಿ ಕಾಣುತ್ತವೆ. ಅಂಗಳದಲ್ಲಿ ಕಾರಿಲ್ಲ, ಗೋಡೆಯಲ್ಲಿ ಏಸಿ ಇಲ್ಲ. ಒಳಗೆ ಹೋಗಿ ಕೇಳಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ನಮ್ಮ ಅರ್ಥಶಾಸ್ತ್ರವು ಒಳಗೆ ಹೋಗಿ ಕೇಳುವ ಗೋಜಿಗೆ ಹೋಗುವುದಿಲ್ಲ. ಅದರ ಲೆಕ್ಕದಲ್ಲಿ ಕೊಳ್ಳದವರೆಲ್ಲರೂ ಬಡವರು, ಇಲ್ಲವೇ ಜಿಪುಣರು.

ಐಷಾರಾಮ ಎಂಬ ಮಾತಿಗೂ ಸ್ಥಿರವಾದ ಅರ್ಥವಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಬಾಲ್ಯದಲ್ಲಿ ನಮ್ಮ ಕಡೆ ಅನ್ನವೆಂದರೆ ಹಬ್ಬದ ಅಡುಗೆ. ದಿನವೂ ಉಣ್ಣುತ್ತಿದ್ದುದು ರಾಗಿಮುದ್ದೆ. ‘ಅವರ ಮನೆಯಲ್ಲಿ ಎರಡು ಹೊತ್ತೂ ಅನ್ನ’ ಎಂದರೆ ಹೆಣ್ಣು ಕೊಡಬಹುದಾದ ಮನೆ ಎಂದು ಅರ್ಥ. ಇಂದು ಪಡಿತರದ ಅಕ್ಕಿ ಎಲ್ಲರ ಮನೆಯಲ್ಲಿಯೂ ಇದೆ. ಮುದ್ದೆಯೋ, ನಂದಿಬೆಟ್ಟದ ತಪ್ಪಲಿನ ರೆಸಾರ್ಟುಗಳನ್ನು ಸೇರಿದೆ. ಮಣ್ಣಿನ ಗೋಡೆ, ಲಾಂದ್ರದ ಬೆಳಕು, ಮುದ್ದೆ, ಬಸ್ಸಾರು: ಇವಿಷ್ಟಕ್ಕೆ ಒಂದು ರಾತ್ರಿಗೆ ತೆರಬೇಕಾದ ಬೆಲೆಯಲ್ಲಿ ಮುದ್ದೆ ತಿಂದು ಬೆಳೆದ ಕೂಲಿಕಾರನೊಬ್ಬನ ಹಲವು ದಿನಗಳ ಸಂಬಳವಿದೆ. ಸರಳತೆಯನ್ನೂ ಸರಕಾಗಿಸಿ ಮಾರುವ ಜಾಣತನ ಮಾರುಕಟ್ಟೆಗೆ ಇದೆ. ಅಂತಹ ಸರಳತೆಯ ಬಗೆಗೆ ನಾನು ಮಾತನಾಡುತ್ತಿಲ್ಲ.

ಇನ್ನು ನಮ್ಮ ಊರಿನ ವಿಷಯ. ದೇವನಹಳ್ಳಿ ಎಂದೊಡನೆ ನಿಮಗೆ ವಿಮಾನ ನಿಲ್ದಾಣ ನೆನಪಾಗುತ್ತದೆ. ಇತಿಹಾಸ ಓದಿದವರಿಗೆ ಟಿಪ್ಪು ಸುಲ್ತಾನ್ ಹುಟ್ಟಿದ ಊರೆಂದು, ಅಲ್ಲಿನ ಕೋಟೆ ನೆನಪಾಗುತ್ತದೆ. ನಮಗೆ ಮೊದಲು ನೆನಪಾಗುತ್ತಿದ್ದುದು ಚಕ್ಕೋತ. ಹಿತ್ತಲಿನಲ್ಲಿ ಬಚ್ಚಲ ನೀರು ಹರಿದು ಹೋಗುವ ಕಡೆ ಒಂದು ಚಕ್ಕೋತದ ಗಿಡ. ಎಳೆಯ ಮಗುವಿನ ತಲೆಯಷ್ಟು ದಪ್ಪದ ಹಣ್ಣು. ಒಡೆದರೆ ಕೆಂಪು ತೊಳೆ. ದೇವನಹಳ್ಳಿ ಚಕ್ಕೋತ ಇಂದು ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ತಳಿ. ಮಾನ್ಯತೆ ದೊರೆಯುವ ಹೊತ್ತಿಗೆ ಹಿತ್ತಲುಗಳೇ ಕಡಿಮೆಯಾಗಿದ್ದವು. ಅದರ ಜೊತೆಗೆ ದ್ರಾಕ್ಷಿ, ಹಿಪ್ಪುನೇರಳೆ, ರಾಗಿ, ಅವರೆ, ಹುರುಳಿ. ರೇಷ್ಮೆಗೂಡನ್ನು ವಿಜಯಪುರದ ಮಾರುಕಟ್ಟೆಗೆ ಒಯ್ಯುತ್ತಿದ್ದೆವು. ಅರ್ಕಾವತಿ, ದಕ್ಷಿಣ ಪಿನಾಕಿನಿ ನದಿಗಳು ಹುಟ್ಟುವುದು ನಮ್ಮ ಕಣ್ಣೆದುರಿನ ನಂದಿಬೆಟ್ಟದ ಸಾಲಿನಲ್ಲಿಯೇ. ಹುಟ್ಟುವುದು ಹೌದು, ನಮ್ಮ ಹೊಲಕ್ಕೆ ಹರಿಯುವುದಿಲ್ಲ. ಕೆರೆ ತುಂಬಿದರೆ ಬೆಳೆ, ಇಲ್ಲದಿದ್ದರೆ ಆಕಾಶ.

ನಿಲ್ದಾಣಕ್ಕಾಗಿ ಸುಮಾರು 4,000 ಎಕರೆ ಭೂಮಿ ಹೋಯಿತು. 2008ರ ಮೇ 24ರಂದು ವಿಮಾನಗಳ ಹಾರಾಟ ಪ್ರಾರಂಭವಾಯಿತು. ಅದರ ಸುತ್ತಣ ಭೂಮಿಯ ಬೆಲೆ ಏರಿದ ವೇಗವನ್ನು ನಾನು ವಿವರಿಸಲಾರೆ. ಕಳೆ ತೆಗೆಯುತ್ತಿದ್ದವರ ಬಳಿ ಹೊಲದ ಬದುವಿಗೇ ಬಂದು ಮುಂಗಡ ಕೊಟ್ಟು ಹೋದವರನ್ನು ನಾವು ಕಂಡಿದ್ದೇವೆ. ಆ ಹಣ ದೊಡ್ಡ ಕಾರುಗಳಾಯಿತು, ಮೂರು ಮಹಡಿಯ ಮನೆಗಳಾಯಿತು, ಸಾವಿರಾರು ಜನರಿಗೆ ಊಟ ಹಾಕಿದ ಮದುವೆಗಳಾಯಿತು. ಇದನ್ನು ಹೇಳಿ ನಗುವುದು ಪಟ್ಟಣದ ಲೇಖಕರಿಗೆ ರೂಢಿ. ನನಗೆ ನಗು ಬರುವುದಿಲ್ಲ. ನಲವತ್ತು ವರ್ಷ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವನು ಒಂದು ದಿನ ಕಾರಿನಲ್ಲಿ ಕುಳಿತರೆ, ಹುಟ್ಟಿದಾಗಿನಿಂದ ಕಾರಿನಲ್ಲಿಯೇ ಕುಳಿತವರು ಅವನಿಗೆ ಪರಿಸರದ ಪಾಠ ಹೇಳಬಾರದು.

ಆದರೆ ಅದೇ ಹಣ ಬಂದ ಅದೇ ಊರುಗಳಲ್ಲಿ ಬೇರೆ ತೆರನಾಗಿ ನಡೆದವರೂ ಇದ್ದರು. ನನ್ನ ನೆಂಟರಲ್ಲಿ ಒಬ್ಬರು ಇಂದಿಗೂ ತಮ್ಮ ಹಳೆಯ ಮೊಪೆಡ್ಡಿನಲ್ಲಿಯೇ ಓಡಾಡುತ್ತಾರೆ. ಬ್ಯಾಂಕಿನವರೇ ಮನೆಗೆ ಬಂದು ಕಾರಿನ ಸಾಲ ಕೊಡುತ್ತೇವೆಂದರು. ಸಾಲವಿಲ್ಲದೆಯೇ ಕೊಳ್ಳುವಷ್ಟು ಹಣ ಅವರಲ್ಲಿತ್ತು. ಏಕೆ ಬೇಡವೆಂದಿರಿ ಎಂದು ಕೇಳಿದೆ. ‘ಅದನ್ನು ನಿಲ್ಲಿಸಬೇಕಾದರೆ ಮುಂದಿನ ಹುಣಸೆಮರ ಕಡಿಯಬೇಕು. ಮರದ ನೆರಳಿನಲ್ಲಿ ನಾಲ್ಕು ಜನ ಕೂತು ಮಾತಾಡುತ್ತೇವೆ, ಕಾರಿನ ನೆರಳಿನಲ್ಲಿ ಯಾರು ಕೂರುತ್ತಾರೆ?’ ಎಂದರು. ಹುಣಸೆಯ ಬಗೆಗೆ ನಮ್ಮವರಿಗೆ ಸ್ವಲ್ಪ ಹೆಚ್ಚು ಪ್ರೀತಿ ಎಂದೇ ಇಟ್ಟುಕೊಳ್ಳಿ. ನಮ್ಮ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು.

ನನ್ನ ದೊಡ್ಡಮ್ಮನವರ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಕೆಂದರೆ ನಮ್ಮ ಸೀಮೆಯಲ್ಲಿ ಅತ್ಯಂತ ದುಬಾರಿಯಾದ ಐಷಾರಾಮ ಕಾರೂ ಅಲ್ಲ, ಬಂಗಾರವೂ ಅಲ್ಲ. ಅದು ಕೊಳವೆ ಬಾವಿ.

ಅವರು ಹೆದ್ದಾರಿಯ ಬದಿಯ ಒಂದೂವರೆ ಎಕರೆ ಮಾರಿದರು. ಊರ ಹಿಂದಿನ ಎರಡು ಎಕರೆ ಉಳಿಯಿತು. ಅದರಲ್ಲಿದ್ದ ಹಳೆಯ ಕೊಳವೆ ಬಾವಿ ಬತ್ತಿಹೋಗಿತ್ತು. ಮಗ ಪಾಲಿಹೌಸ್ ಹಾಕಿ ಗುಲಾಬಿ ಬೆಳೆಯುವ ಯೋಚನೆ ಮಾಡಿದ. ಬೆಂಗಳೂರಿನ ಹೂವಿನ ಪೇಟೆ ಹತ್ತಿರ, ವಿಮಾನ ಇನ್ನೂ ಹತ್ತಿರ. ತೆಂಗಿನಕಾಯಿ ಹಿಡಿದು ನೀರು ತೋರಿಸುವವನನ್ನು ಕರೆಸಿ ಪಾಯಿಂಟ್ ಮಾಡಿಸಿದ್ದೂ ಆಯಿತು. ಸಾವಿರದ ಮುನ್ನೂರು ಅಡಿಗೆ ಖಂಡಿತ ನೀರು ಎಂದು ಆತ ಹೇಳಿದ. ಹಣ ಬ್ಯಾಂಕಿನಲ್ಲಿತ್ತು. ಬೋರ್‌ವೆಲ್ ಲಾರಿ ಬರುವ ದಿನವೂ ಗೊತ್ತಾಗಿತ್ತು. ಹಿಂದಿನ ಸಂಜೆ ದೊಡ್ಡಮ್ಮ ಹೊಲದ ಬದುವಿನ ಮೇಲೆ ಕುಳಿತು ಕೂಗಳತೆಯಲ್ಲಿದ್ದ ಕೊಳವೆ ಬಾವಿಗಳನ್ನು ಎಣಿಸಿದರು. ನಾಲ್ಕು. ಎಲ್ಲವೂ ಹಳೆಯವು, ಏಳೆಂಟುನೂರು ಅಡಿಯವು. ಎರಡು ಮೂರು ಇಂಚು ನೀರು ಕೊಡುತ್ತಿದ್ದವು. ಮನೆಗೆ ಬಂದು ಲಾರಿ ಬೇಡವೆಂದರು.

ಅವರ ತರ್ಕ ಹೀಗಿತ್ತು: ‘ನಮ್ಮದು ಅಷ್ಟು ಆಳಕ್ಕೆ ಇಳಿದರೆ ಆ ನಾಲ್ವರದ್ದೂ ಒಣಗುತ್ತದೆ. ಆಮೇಲೆ ಅವರ ಹೆಂಗಸರು ಬಿಂದಿಗೆ ಹಿಡಿದು ನಮ್ಮ ಮನೆಯ ಮುಂದೆಯೇ ಬರುತ್ತಾರೆ. ನಾನು ಅವರ ಮುಖ ನೋಡಿಕೊಂಡು ಹೂವಿಗೆ ನೀರು ಬಿಡಬೇಕೆ?’

ಭೂವಿಜ್ಞಾನಿಗಳು ಇದನ್ನು ಬೇರೆ ಭಾಷೆಯಲ್ಲಿ ಹೇಳುತ್ತಾರೆ. ನಮ್ಮದು ಗಟ್ಟಿ ಶಿಲೆಯ ನೆಲ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಒಂದು ಬಿರುಕಿನ ಸಾಲಿಗೆ ಆಳವಾದ ತೂತು ಬಿದ್ದರೆ ಮೇಲಿನ ತೂತುಗಳ ನೀರು ಕೆಳಕ್ಕೆ ಜಾರುತ್ತದೆ. ದೇವನಹಳ್ಳಿ ತಾಲ್ಲೂಕು ಅಂತರ್ಜಲದ ಅತಿಬಳಕೆಯ ತಾಲ್ಲೂಕುಗಳ ಪಟ್ಟಿಯಲ್ಲಿದೆ. 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಕೊಳವೆ ಬಾವಿಗೆ ಅನುಮತಿ ಬೇಕು. ದೊಡ್ಡಮ್ಮನಿಗೆ ಕಾಯ್ದೆಯೂ ತಿಳಿದಿರಲಿಲ್ಲ, ಶಿಲೆಯ ಶಾಸ್ತ್ರವೂ ತಿಳಿದಿರಲಿಲ್ಲ. ಬಿಂದಿಗೆಯ ಲೆಕ್ಕ ತಿಳಿದಿತ್ತು. ಕೊಳವೆ ಬಾವಿಗೆ ಗುತ್ತಿಗೆದಾರ ಹೇಳಿದ ದರದಲ್ಲಿ ಕೊರೆಯುವ ಕೂಲಿ, ಕೇಸಿಂಗ್ ಪೈಪು, ಮೋಟಾರು ಎಲ್ಲವೂ ಸೇರಿದ್ದವು. ನೆರೆಯ ನಾಲ್ವರ ನೀರು ಸೇರಿರಲಿಲ್ಲ. ‘ಕೈಗೆಟುಕುವ ಬೆಲೆ’ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಹೀಗೆಯೇ: ಕೊಳ್ಳುವವನು ಸ್ವಲ್ಪ ಕೊಡುತ್ತಾನೆ, ಮಿಕ್ಕದ್ದನ್ನು ಅಂಗಡಿಗೇ ಬಾರದ ಯಾರೋ ಕೊಡುತ್ತಾರೆ.

ಇಲ್ಲಿಗೆ ಮುಗಿದಿದ್ದರೆ ಇದು ನೀತಿಕಥೆಯಾಗುತ್ತಿತ್ತು. ಮಗ ಒಂದು ಮಾತು ಹೇಳಿದ: ‘ನಾವು ಕೊರೆಸದಿದ್ದರೆ ಅವರು ಕೊರೆಸುತ್ತಾರೆ.’ ಎರಡು ವರ್ಷಗಳಲ್ಲಿ ಆ ನಾಲ್ವರಲ್ಲಿ ಒಬ್ಬರು ಕೊರೆಸಿದರು. ಉಳಿದ ಮೂರು ಬತ್ತಿದವು. ದೊಡ್ಡಮ್ಮನ ಎರಡು ಎಕರೆಯಲ್ಲಿ ಈಗ ಒಂದು ಕೃಷಿ ಹೊಂಡವಿದೆ. ಮಳೆಗೆ ರಾಗಿ, ಸಾಲಿನಲ್ಲಿ ಅವರೆ. ಗುಲಾಬಿಯಷ್ಟು ಆದಾಯ ಅದರಿಂದ ಬರುವುದಿಲ್ಲ, ಬರುತ್ತದೆಂದು ಹೇಳಿದರೆ ಸುಳ್ಳಾಗುತ್ತದೆ. ಮಗ ನಿಲ್ದಾಣದ ಸಮೀಪದ ಗೋದಾಮೊಂದರಲ್ಲಿ ಕೆಲಸಕ್ಕೆ ಹೋಗುತ್ತಾನೆ. ತಾಯಿಯ ಮೇಲಿನ ಅವನ ಮುನಿಸು ಇನ್ನೂ ಪೂರ್ತಿ ಹೋಗಿಲ್ಲ.

ಆದ್ದರಿಂದ ಪ್ರಶ್ನೆ ಹೀಗಿದೆ. ಎಲ್ಲರೂ ಹಂಚಿಕೊಂಡ ನೀರನ್ನು ಒಬ್ಬರ ‘ಒಲ್ಲೆ’ ಉಳಿಸಬಲ್ಲದೆ? ಉಳಿಸಲಾರದು. ಹಂಚಿಕೊಂಡ ವಸ್ತುವಿನ ವಿಷಯದಲ್ಲಿ ಹಂಚಿಕೊಂಡ ‘ಒಲ್ಲೆ’ ಬೇಕು. ಅಂತಹುದೊಂದು ನಮ್ಮ ತಾಲ್ಲೂಕಿನಲ್ಲಿಯೇ ನಡೆಯಿತು.

ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಕೃಷಿಭೂಮಿಯನ್ನು ಕೈಗಾರಿಕೆಗಾಗಿ, ಮುಖ್ಯವಾಗಿ ವೈಮಾಂತರಿಕ್ಷ ಉದ್ಯಮಗಳ ವಲಯಕ್ಕಾಗಿ ವಶಪಡಿಸಿಕೊಳ್ಳಲು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹೊರಟಿತು. 2022ರ ಏಪ್ರಿಲ್ 4ರಂದು ರೈತರು ಧರಣಿ ಕುಳಿತರು. 2025ರ ಜೂನ್ ಕೊನೆಯಲ್ಲಿ ಅವರಲ್ಲಿ ಹಲವರನ್ನು ಪೊಲೀಸರು ಬಂಧಿಸಿದರು. ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ನಡುವೆ ಕಳೆದ ದಿನಗಳು 1,198. ಹೋರಾಟದ ಚರಿತ್ರೆಯನ್ನು ಬಲ್ಲವರು ಬರೆಯುತ್ತಾರೆ. ನಾನು ಗಮನಿಸುವುದು ಒಂದೇ ಸಂಗತಿಯನ್ನು. ಅವರಲ್ಲಿ ಬಹಳ ಮಂದಿ ಸಣ್ಣ ಹಿಡುವಳಿದಾರರು. ಸುತ್ತಮುತ್ತ ಕೋಟಿಯ ಮಾತು ನಡೆಯುತ್ತಿತ್ತು. ಪಕ್ಕದ ಊರಿನಲ್ಲಿ ಆ ಹಣ ಏನೇನನ್ನು ಕೊಳ್ಳುತ್ತದೆ ಎಂಬುದನ್ನು ಅವರು ಹದಿನೈದು ವರ್ಷಗಳಿಂದ ಕಣ್ಣಾರೆ ಕಂಡಿದ್ದರು. ಕಂಡೇ ಬೇಡವೆಂದರು. ಅವರು ತಿಳಿಯದೆ ಹಾಗೆಂದರು ಎಂದು ಯಾರೂ ಹೇಳಲಾಗದು. ಭೂಮಿ ಕೊಡಲು ಸಿದ್ಧರಿದ್ದ ರೈತರೂ ಅದೇ ಹಳ್ಳಿಗಳಲ್ಲಿದ್ದರು, ಅವರೂ ಸರ್ಕಾರದ ಮುಂದೆ ಹೋಗಿ ತಮ್ಮ ಮಾತು ಹೇಳಿದರು. ಸ್ವಇಚ್ಛೆಯಿಂದ ಕೊಡುವವರಿಂದ ಪಡೆಯಲಾಗುವುದೆಂದು ಸರ್ಕಾರವೂ ಹೇಳಿತು. ಮಗಳ ಮದುವೆಗೋ ಆಸ್ಪತ್ರೆಯ ಸಾಲಕ್ಕೋ ಮಾರಲೇಬೇಕಾದವನ ಮೇಲೆ ನನಗೆ ಸಿಟ್ಟಿಲ್ಲ. ಅವನದು ‘ಇಲ್ಲ’ದ ಲೋಕ. ಆದರೆ ಮಾರಬಹುದಾಗಿದ್ದೂ ಮೂರು ವರ್ಷಕ್ಕೂ ಮೇಲ್ಪಟ್ಟು ದಿನದ ಕೂಲಿ ಬಿಟ್ಟು ಚಪ್ಪರದ ಕೆಳಗೆ ಕುಳಿತವರನ್ನು ಯಾವ ಅರ್ಥಶಾಸ್ತ್ರದ ಪುಟದಲ್ಲಿ ಸೇರಿಸುತ್ತೀರಿ?

‘ಒಲ್ಲೆ’ ಎನ್ನುವುದು ಉಳ್ಳವರಿಗೆ ಮಾತ್ರ ಸಾಧ್ಯವೆಂದು ಕೆಲವು ವಿದ್ಯಾವಂತರು ವಾದಿಸುತ್ತಾರೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಹಳ್ಳಿಯ ಮಕ್ಕಳಿಗೂ ಗೊತ್ತು. ಗಂಡ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ಆ ಮನೆಯಲ್ಲಿ ನಾಳೆಗೆ ಏನೂ ಇರಲಿಲ್ಲ. ಇಲ್ಲದವಳೂ ಅವಳೇ, ಒಲ್ಲದವಳೂ ಅವಳೇ.

ಹೀಗೆ ಹೇಳುವಾಗ ಒಂದು ಎಚ್ಚರ ಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ತಾಲ್ಲೂಕಿನಲ್ಲಿಯೇ ಇಂತಹುದೇ ಸಭೆಯಲ್ಲಿ ದಲಿತ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದ: ‘ನಮ್ಮ ತಾತ ಊರ ಬೀದಿಯಲ್ಲಿ ಚಪ್ಪಲಿ ಮೆಟ್ಟುವಂತಿರಲಿಲ್ಲ. ನಾನು ಮೊದಲ ಸಂಬಳದಲ್ಲಿ ಒಳ್ಳೆಯ ಬೂಟು ಕೊಂಡೆ. ಅದು ಕೊಳ್ಳುಬಾಕತನವೆ?’ ಸಭೆಯಲ್ಲಿ ಮೌನ. ಅವನ ಪ್ರಶ್ನೆ ಸರಿಯಾದದ್ದು. ಒಬ್ಬರಿಗೆ ಸರಳತೆ ಆಯ್ಕೆಯಾಗಿದ್ದ ಕಾಲದಲ್ಲಿ ಇನ್ನೊಬ್ಬರಿಗೆ ಅದು ಶಿಕ್ಷೆಯಾಗಿತ್ತು. ಅಂಬೇಡ್ಕರರು ಕೋಟು ಸೂಟು ತೊಟ್ಟುದು ಏಕೆಂದು ಅರಿಯದವರು ಮಿತವ್ಯಯದ ಭಾಷಣ ಮಾಡದಿರುವುದೇ ಒಳಿತು. ಅವರು ಮುಂಬಯಿಯ ದಾದರಿನಲ್ಲಿ ‘ರಾಜಗೃಹ’ವೆಂಬ ಮನೆಯನ್ನು ಕಟ್ಟಿಸಿದುದೂ ಮುಖ್ಯವಾಗಿ ತಮ್ಮ ಪುಸ್ತಕಗಳಿಗಾಗಿ. ತನಗೆ ನಿಷಿದ್ಧವಾಗಿದ್ದುದನ್ನು ಕೊಳ್ಳುವುದು ಭೋಗವಲ್ಲ, ಹಕ್ಕಿನ ಮಾತು. ಅವನ ಬೂಟಿನ ಹೊಳಪಿನಿಂದ ಯಾವ ನೆರೆಯವನ ಬಾವಿಯೂ ಬತ್ತಿಲ್ಲ.

ನಮ್ಮ ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರನ್ನು ನಾನು ಇದೇ ಕಾರಣಕ್ಕೆ ಮತ್ತೆ ಮತ್ತೆ ನೆನೆಯುತ್ತೇನೆ. ಬಡತನದ ಮನೆ. 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಆ ಹುಡುಗ ಊರಿನಿಂದ ಬೆಂಗಳೂರಿಗೆ ನಡೆದೇ ಹೋದ. ಬಸ್ಸಿಗೆ ಹಣವಿರಲಿಲ್ಲ, ಅದು ‘ಇಲ್ಲ’. ಮುಂದೆ ಅದೇ ಹುಡುಗ ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದರು, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ವಾಸ ಮಾತ್ರ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ, ಉಡುಪು ಖಾದಿ. 2005ರಲ್ಲಿ ತೀರಿಕೊಳ್ಳುವ ತನಕವೂ ಹಾಗೆಯೇ ಬದುಕಿದರು. ಬಂಗಲೆ, ಕಾರು ಎಲ್ಲವೂ ಕೈಗೆಟುಕುವಂತಿದ್ದ ಆ ವರ್ಷಗಳದ್ದು ‘ಒಲ್ಲೆ’. ಗೌರಿಬಿದನೂರು, ಬಾಗೇಪಲ್ಲಿಗಳಂತಹ ಬರದ ಸೀಮೆಗೆ ಕಾಲೇಜುಗಳನ್ನು ತರುವುದರಲ್ಲಿ ಅವರಿಗೆ ಯಾವ ಜಿಪುಣತನವೂ ಇರಲಿಲ್ಲ. ಎರಡೂ ಮಾತುಗಳ ರುಚಿಯನ್ನು ಒಂದೇ ಬಾಳಿನಲ್ಲಿ ಕಂಡವರು ಅವರು. ಹಸಿವನ್ನು ಕಂಡವರ ಸರಳತೆಗೆ ಒಂದು ತೂಕ ಇರುತ್ತದೆ.

ಆದರೆ ಅವರು ಬ್ರಹ್ಮಚಾರಿಗಳು, ಊಟ ವಿದ್ಯಾರ್ಥಿನಿಲಯದ್ದು. ಸಂಸಾರಸ್ಥರ ಮನೆಯ ಲೆಕ್ಕ ಬೇರೆ. ಇದನ್ನು ಇಲ್ಲಿ ಕುಳಿತಿರುವ ಗಂಡಸರಿಗೆ ವಿಶೇಷವಾಗಿ ಹೇಳುತ್ತಿದ್ದೇನೆ. ನಾನು ಬಲ್ಲ ಒಂದು ಮನೆಯಲ್ಲಿ ಯಜಮಾನರು ಮಿಕ್ಸಿ ಬೇಡವೆಂದು ವ್ರತ ಹಿಡಿದರು. ವಿದ್ಯುತ್ ಉಳಿತಾಯ, ರುಬ್ಬುಗುಂಡಿನ ಚಟ್ನಿಯ ರುಚಿ ಎಂದೆಲ್ಲ ಬಂದವರಿಗೆ ಹೇಳುತ್ತಿದ್ದರು. ರುಬ್ಬುತ್ತಿದ್ದವರು ಅವರ ಪತ್ನಿ. ಹತ್ತು ವರ್ಷ ರುಬ್ಬಿದ ಮೇಲೆ ಆ ತಾಯಿ ತಮ್ಮ ಹೊಲಿಗೆಯ ಹಣದಲ್ಲಿ ತಾವೇ ಮಿಕ್ಸಿ ತಂದರು. ಒಳ್ಳೆಯ ಕೆಲಸ ಮಾಡಿದರು! ಬೇಡವೆನ್ನುವ ಅಧಿಕಾರ ದುಡಿಯುವ ಕೈಗೆ ಸೇರಿದ್ದು. ಗ್ಯಾಸ್ ಒಲೆ, ಬಟ್ಟೆ ಒಗೆಯುವ ಯಂತ್ರ ಇವುಗಳ ಬಗೆಗೂ ಇದೇ ಮಾತು. ಹಾಗೆಯೇ ಮನೆಗೊಂದು ಶೌಚಾಲಯ, ಮಗಳಿಗೊಂದು ಸೈಕಲ್ಲು. ಇವುಗಳನ್ನು ಐಷಾರಾಮದ ಪಟ್ಟಿಗೆ ಸೇರಿಸಿ ತ್ಯಾಗ ಮಾಡಿದೆನೆಂದು ಬೀಗುವವರು ತಮ್ಮ ಭಾಗದ ತ್ಯಾಗ ಯಾವುದೆಂದು ಮೊದಲು ತೋರಿಸಲಿ.

ಗಂಡಸರು ಬೇಡವೆನ್ನಬಹುದಾದ ದೊಡ್ಡ ವಸ್ತುವೊಂದು ಬಾಕಿ ಇದೆ: ಮದುವೆ. ಮದುವೆಯನ್ನಲ್ಲ, ಅದರ ಆಡಂಬರವನ್ನು. ನಮ್ಮ ಸೀಮೆಯಲ್ಲಿ ಭೂಮಿ ಮಾರಿದ ಹಣ ಅತಿ ಬೇಗ ಕರಗಿದ್ದು ಕಲ್ಯಾಣಮಂಟಪಗಳಲ್ಲಿ. ಎಲೆಯ ಮೇಲೆ ಉಳಿದು ಗುಂಡಿಗೆ ಹೋಗುವ ಅನ್ನವನ್ನು ಕಂಡರೆ, ಅನ್ನವೇ ಹಬ್ಬವಾಗಿದ್ದ ಮನೆಯಿಂದ ಬಂದ ನನಗೆ ಇಂದಿಗೂ ಹೊಟ್ಟೆ ತೊಳಸುತ್ತದೆ. ಇಲ್ಲಿ ‘ಒಲ್ಲೆ’ ಎನ್ನುವುದು ಅತ್ಯಂತ ಕಠಿಣ. ಕಾರು ಕೊಳ್ಳದಿದ್ದರೆ ಜನ ನಿಮ್ಮನ್ನು ವಿಚಿತ್ರ ಮನುಷ್ಯ ಎನ್ನುತ್ತಾರೆ, ಅಷ್ಟೆ. ಮದುವೆ ಚಿಕ್ಕದಾಗಿ ಮಾಡಿದರೆ ಮಗಳನ್ನು ಆಡಿಕೊಳ್ಳುತ್ತಾರೆ. ಕುವೆಂಪು ಅವರ ಮಂತ್ರಮಾಂಗಲ್ಯ ಹುಟ್ಟಿದುದು ನಿಮ್ಮ ಮಲೆನಾಡಿನ ಕವಿಯಿಂದ. ಪೂರ್ಣಚಂದ್ರ ತೇಜಸ್ವಿಯವರ ಮದುವೆ ಹಾಗೆಯೇ ನಡೆಯಿತು. ಅಂದಿನಿಂದ ಇಂದಿನವರೆಗೆ ನಿಮ್ಮ ಊರುಗಳಲ್ಲಿ ಅಂತಹ ಮದುವೆಗಳೆಷ್ಟು ನಡೆದಿವೆ ಎಂದು ಕೇಳಬಹುದೆ? ನಮ್ಮಲ್ಲಿ ಬೆರಳಲ್ಲಿ ಎಣಿಸುವಷ್ಟು. ನಡೆಸಿದವರಲ್ಲಿ ಹೆಚ್ಚಿನವರು ಹುಡುಗಿಯೇ ಹಟ ಹಿಡಿದಿದ್ದರಿಂದ ನಡೆಸಿದವರು.

ಈಗ ನಿಮ್ಮ ಮತ್ತು ನಮ್ಮ ನಡುವಿನ ಮಾತಿಗೆ ಬರುತ್ತೇನೆ. ಇದನ್ನು ಆಡದೆ ಹೋದರೆ ನಾನು ಇಲ್ಲಿಗೆ ಬಂದುದೇ ವ್ಯರ್ಥ.

ಸಕಲೇಶಪುರದ ಕಡೆಯ ಹಳ್ಳಗಳ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಉದ್ಘಾಟನೆಯಾಯಿತು. 24.01 ಟಿ.ಎಂ.ಸಿ. ನೀರಿನ ಲೆಕ್ಕ. ಕೋಲಾರ, ಚಿಕ್ಕಬಳ್ಳಾಪುರಗಳೊಂದಿಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯೂ ಫಲಾನುಭವಿ, ಎಂದರೆ ನಾವು. ಅಷ್ಟು ನೀರು ಅಲ್ಲಿದೆಯೇ ಎಂಬ ವಿವಾದ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳುವುದು ನಮ್ಮ ಬದಿಯ ಮಾತು. ಕೋಲಾರದ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿ, ಮಂಡಿ ಬಾಗಿದವರಿದ್ದಾರೆ. ಅವರ ಬಾಯಾರಿಕೆ ‘ಇಲ್ಲ’ದ ಬಾಯಾರಿಕೆ. ಅದಕ್ಕೆ ಬೇಡವೆನ್ನುವ ಮನಸ್ಸು ನಿಮ್ಮಲ್ಲಿ ಯಾರಿಗೂ ಇರಲಾರದು. ಆದರೆ ಪೈಪಿಗೆ ಬಾಯಾರಿಕೆಗಳ ವ್ಯತ್ಯಾಸ ತಿಳಿಯುವುದಿಲ್ಲ. ಅದೇ ಸೀಮೆಯಲ್ಲಿ ಗೇಟು ಹಾಕಿದ ಬಡಾವಣೆಗಳಿವೆ, ಬೇಸಿಗೆಯಲ್ಲಿಯೂ ಹಸಿರಾಗಿರುವ ಹುಲ್ಲುಹಾಸುಗಳಿವೆ, ಈಜುಕೊಳಗಳಿವೆ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಕಡೆಯ ಕೆರೆಗಳಿಗೆ ಹರಿಸುವ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯೂ ಇದೆ. ಪಟ್ಟಣ ಬಳಸಿ ಬಿಟ್ಟ ನೀರಿನಿಂದ ನಮ್ಮ ಅಂತರ್ಜಲ ಮರುಪೂರಣವಾಗಬೇಕಾದ ಕಾಲ ಇದು. ಹುಲ್ಲುಹಾಸು ಬೇಡ, ಈಜುಕೊಳ ಬೇಡ, ಮೊದಲು ನಮ್ಮ ಕೆರೆಯ ಹೂಳು ತೆಗೆಯುತ್ತೇವೆ ಎಂದು ಬಯಲುಸೀಮೆ ಹೇಳಿದ ಮೇಲೆ ಬೆಟ್ಟದ ಹಳ್ಳಕ್ಕೆ ಕೈಯೊಡ್ಡಬೇಕಿತ್ತು. ಆ ಕ್ರಮ ತಲೆಕೆಳಗಾಯಿತು. ನಮ್ಮ ಊರಿನ ಸಭೆಗಳಲ್ಲಿಯೂ ನಾನು ಇದನ್ನು ಹೇಳುತ್ತೇನೆ, ಚಪ್ಪಾಳೆ ಬೀಳುವುದಿಲ್ಲ.

ನಿಮ್ಮ ಕಡೆಗೂ ಒಂದು ನೋಟ ಬೀರಲು ಅಪ್ಪಣೆ ಕೊಡಿ. ಬಸ್ಸಿನ ಕಿಟಕಿಯಿಂದ ಕಂಡುದನ್ನಷ್ಟೇ ಹೇಳುತ್ತೇನೆ. ಅಡಿಕೆಗೆ ಬೆಲೆ ಬಂದುದರ ಗುರುತು ಗುಡ್ಡಗಳ ಮೇಲಿದೆ. ಜೆಸಿಬಿ ಬಗೆದ ಕೆಂಪು ಮಣ್ಣಿನ ಗಾಯಗಳು. ಗದ್ದೆಯಿದ್ದ ಕಡೆ ಹೊಸ ತೋಟ. ಸಗಣಿ ಸಾರಿಸುತ್ತಿದ್ದ ಅಂಗಳಕ್ಕೆ ಇಂಟರ್‌ಲಾಕ್ ಟೈಲ್ಸು, ಅದರ ಮೇಲೆ ಬಿದ್ದ ಮಳೆ ನೆಲಕ್ಕಿಳಿಯದೆ ರಸ್ತೆಗೆ ಓಡುವುದು. ಸೊಪ್ಪಿನ ಬೆಟ್ಟದ ಸೌಲಭ್ಯವನ್ನು ಹಿರಿಯರು ಪಡೆದುದು ತೋಟಕ್ಕೆ ಸೊಪ್ಪು ತರಲೆಂದು. ಬೆಟ್ಟವನ್ನೇ ತೋಟ ಮಾಡಲೆಂದಲ್ಲ. ಇನ್ನೊಂದು ಎಕರೆ ಅಡಿಕೆ ಹಾಕುವ ಶಕ್ತಿ ನಿಮ್ಮಲ್ಲಿ ಅನೇಕರಿಗೆ ಇದೆ. ಹಾಕದೆ ಉಳಿದವರು ಯಾರು? ಅವರ ಹೆಸರುಗಳನ್ನು ನಾನು ಬಲ್ಲೆನಾದರೆ ಅವರನ್ನೇ ಇಲ್ಲಿ ನಿಲ್ಲಿಸಿ ನಾನು ಕೆಳಗೆ ಕುಳಿತು ಕೇಳುತ್ತಿದ್ದೆ.

ಮಾತಿಗೆ ಮುಂಚೆ ವಿದ್ಯಾರ್ಥಿನಿಯೊಬ್ಬಳು ಚೀಟಿ ಕೊಟ್ಟಿದ್ದಾಳೆ: ‘ಎಲ್ಲರೂ ಕೊಳ್ಳುವುದನ್ನು ಬಿಟ್ಟರೆ ಕೆಲಸಗಳು ಹೋಗುವುದಿಲ್ಲವೇ? ಉಳಿಸಿದ ಹಣವೇನಾಗುತ್ತದೆ?’ ಮೊದಲನೆಯದಕ್ಕೆ ಉತ್ತರ ನಿಮ್ಮ ಸಾಗರ ತಾಲ್ಲೂಕಿನಲ್ಲಿಯೇ ಇದೆ. ಭೀಮನಕೋಣೆಯ ‘ಚರಕ’ದ ಹೆಂಗಸರು ನೇಯ್ದ ಬಟ್ಟೆಯನ್ನು ಕೊಳ್ಳುವವರು ಇನ್ನೇನನ್ನೋ ಕೊಳ್ಳದೆ ಅದನ್ನು ಕೊಳ್ಳುತ್ತಾರೆ. 2017ರಲ್ಲಿ ಪ್ರಸನ್ನ ಅವರು ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು ಸತ್ಯಾಗ್ರಹ ನಡೆಸಿದುದು ಇದೇ ಪ್ರಶ್ನೆಯ ಮೇಲೆ: ಹೆಚ್ಚು ಕೈಗಳಿಗೆ ಕೆಲಸ ಕೊಡುವ ವಸ್ತುವಿಗೂ ಹೆಚ್ಚು ವಿದ್ಯುತ್ ನುಂಗುವ ವಸ್ತುವಿಗೂ ಒಂದೇ ನ್ಯಾಯವೇ ಎಂದು.

ಎರಡನೆಯದು ನನ್ನನ್ನೂ ಕಾಡಿದ ಪ್ರಶ್ನೆ. ದೊಡ್ಡಮ್ಮ ಕೊಳವೆ ಬಾವಿಗೆ ಹಾಕದ ಹಣವನ್ನು ಬ್ಯಾಂಕಿನಲ್ಲಿ ಇಟ್ಟರು. ಬ್ಯಾಂಕು ಹಣವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ, ಸಾಲ ಕೊಡುತ್ತದೆ. ನಮ್ಮ ಊರಿನ ಪಕ್ಕದಲ್ಲಿಯೇ ಏಳುತ್ತಿರುವ ಬಡಾವಣೆಯವರೂ ಬ್ಯಾಂಕಿನಿಂದಲೇ ಸಾಲ ಪಡೆದು ಆಳವಾದ ಕೊಳವೆ ಬಾವಿಗಳನ್ನು ತೋಡಿಸುತ್ತಾರೆ. ತಾನು ಬೇಡವೆಂದುದಕ್ಕೇ ತನ್ನ ಹಣ ಬಡ್ಡಿಯ ದಾರಿಯಲ್ಲಿ ಹೋಗಿ ಸೇರಬಹುದು ಎಂಬುದನ್ನು ನಾನು ಅವರಿಗೆ ಹೇಳಿದಾಗ ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ಹಣವನ್ನು ಎರಡು ಭಾಗ ಮಾಡಿದರು. ಒಂದು ಭಾಗ ಮೊಮ್ಮಗಳ ನರ್ಸಿಂಗ್ ಓದಿಗೆ. ಇನ್ನೊಂದರಲ್ಲಿ ನಮ್ಮ ಊರ ಕೆರೆಯ ಒಡೆದ ತೂಬನ್ನು ಸರಿ ಮಾಡಿಸಲು ಪಂಚಾಯಿತಿಗೆ ಅರ್ಜಿ ಹಾಕಿ, ತಮ್ಮ ಪಾಲು ಇಷ್ಟು ಎಂದು ಬರೆದುಕೊಟ್ಟರು. ಆಳದ ಬಾವಿ ಕೊರೆಸಿದ ನೆರೆಯವರೂ ಒಂದು ಪಾಲು ಕೊಡಲು ಒಪ್ಪಿದ್ದಾರೆ. ಅರ್ಜಿ ಇನ್ನೂ ಪಂಚಾಯಿತಿಯ ಮುಂದಿದೆ. ತೂಬಿಗೆ ಬಾಗಿಲು ಕೂರಿಸುವುದು ಮುಂದಿನ ಮುಂಗಾರಿಗೆ ಮೊದಲೇ ಆಗಬೇಕು.